ಸೋಯಾ ಅವರೆಯ ಗುಣದೋಷ



ನಮ್ಮ ಮಲೆಬೆನ್ನೂರಿನ ದಿನಸಿ ಅಂಗಡಿಗಳಲ್ಲಿ ತೊಗರಿ, ಕಡಲೆ, ಹೆಸರು, ಅಲಸಂದೆ, ಹುರುಳಿಗಳ ನಡುವೆ ದುಂಡಗೆ, ಹಳದಿಯಾಗಿ, ಬಟಾಣಿಯ ತಮ್ಮನಂತೆ ಕಾಣುವ ಒಂದು ಕಾಳನ್ನು ನೀವು ನೋಡಿರಬಹುದು. ಅದೇ ಸೋಯಾ ಅವರೆ. ಅದನ್ನು ಕುರಿತು ಜನ ಎರಡು ಬಗೆಯಾಗಿ ಮಾತನಾಡುತ್ತಾರೆ. "ಅದರಲ್ಲಿ ಮಾಂಸವನ್ನು ಮೀರಿಸುವ ಸತ್ವ ಉಂಟಂತೆ" ಎಂದು ನಂಬಿ, ಬೇಯಿಸದೆ ಹಾಗೆಯೇ ಮಕ್ಕಳ ಗಂಜಿಹಿಟ್ಟಿಗೆ ಬೆರೆಸಿ ಗಿರಣಿಗೆ ಕಳುಹಿಸುವವರು ಒಂದು ಬಗೆ. "ಅದು ಗಂಡಸರಿಗೆ ಆಗದಂತೆ, ಥೈರಾಯ್ಡ್ ಬರಿಸುತ್ತದಂತೆ" ಎಂದು ಅಂಗಡಿಯಲ್ಲೇ ಬಿಟ್ಟು ಬರುವವರು ಇನ್ನೊಂದು ಬಗೆ. ಈ ಅಂತೆಕಂತೆಗಳ ಸಂತೆಯಲ್ಲಿ ಕಾಳಿನ ನಿಜವಾದ ಗುಣ ಯಾವುದು, ದೋಷ ಯಾವುದು ಎಂಬುದು ಮರೆಯಾಗಿದೆ. ಮಗುವಿನ ಬಟ್ಟಲಿಗೆ ಬೀಳುವ ಪದಾರ್ಥವಾದುದರಿಂದ ಇದನ್ನು ಸ್ವಲ್ಪ ವಿಚಾರಿಸಿ ತಿಳಿಯುವುದು ಅಗತ್ಯ.

ಮೊದಲು ಹೆಸರಿನ ಮಾತು. ಅವರೆ ಎಂಬುದು ನಮ್ಮ ಹಳೆಯ ಕಾಳಿನ ಹೆಸರು. ಸೋಯಾ ಅದರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ಒಂದೇ ದ್ವಿದಳ ಕುಟುಂಬದ ದೂರದ ನಂಟು ಮಾತ್ರ. ಸೋಯಾ ಎಂಬ ಮಾತು ಜಪಾನೀಯರ 'ಷೋಯು' ಎಂಬುದರಿಂದ ಡಚ್ ವರ್ತಕರ ಬಾಯಿಗೆ ಬಂದು, ಅಲ್ಲಿಂದ ಲೋಕಕ್ಕೆಲ್ಲ ಹರಡಿತು. ಆದರೆ ಷೋಯು ಎಂದರೆ ಕಾಳಲ್ಲ, ಕಾಳನ್ನು ಹುಳಿಸಿ ಮಾಡಿದ ಉಪ್ಪುನೀರಿನಂಥ ವ್ಯಂಜನ. ತೊಗರಿಯ ಗಿಡವನ್ನು 'ಸಾರಿನ ಗಿಡ' ಎಂದು ಕರೆದರೆ ಹೇಗೋ ಹಾಗಾಯಿತು ಇದು. ಚೀನದವರಾದರೋ ಇದಕ್ಕೆ 'ದೊಡ್ಡ ಅವರೆ' ಎಂಬರ್ಥದ ಹೆಸರಿಟ್ಟಿದ್ದಾರೆ. ಸಾವಿರಾರು ವರ್ಷಗಳಿಂದ ಅದನ್ನು ಬೆಳೆದು ಉಂಡವರು ಅವರು. ಗಾತ್ರದಲ್ಲಿ ಚಿಕ್ಕದಾದ ಕಾಳಿಗೆ ದೊಡ್ಡದೆಂಬ ಹೆಸರು ಕೊಟ್ಟದ್ದು ಅದರ ಯೋಗ್ಯತೆಯನ್ನು ನೋಡಿ ಇರಬೇಕು.

ಹಾಗೆಂದು ಇದು ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದೆಂದು ತಿಳಿಯಬಾರದು. ಕುಮಾವೂ ಬೆಟ್ಟಗಳಲ್ಲಿ ಕಪ್ಪು ಸೋಯಾವನ್ನು 'ಭಟ್' ಎಂದು ಕರೆದು ಬಹುಕಾಲದಿಂದ ಸಾರು ಮಾಡಿ ಉಣ್ಣುತ್ತಾರೆ. ನಾಗಾಲ್ಯಾಂಡಿನ ಅಖುನಿ, ಮಣಿಪುರದ ಹವಾಯಿಜಾರ್, ಸಿಕ್ಕಿಮಿನ ಕಿನೆಮಾ ಇವೆಲ್ಲ ಬೇಯಿಸಿದ ಸೋಯಾವನ್ನು ಹುಳಿಸಿ ಮಾಡುವ ಪದಾರ್ಥಗಳು. 1935ರಲ್ಲಿ ವಾರ್ಧಾದ ಮಗನವಾಡಿಯಲ್ಲಿ ಗಾಂಧೀಜಿಯವರು ಈ ಕಾಳನ್ನು ಊಟದಲ್ಲಿ ಪ್ರಯೋಗಿಸಿ ನೋಡಿ, 'ಹರಿಜನ' ಪತ್ರಿಕೆಯಲ್ಲಿ ಆ ವಿಚಾರವಾಗಿ ಬರೆದರು. ಬಡವನ ತಟ್ಟೆಗೆ ಅಗ್ಗವಾದ ಪುಷ್ಟಿ ಎಲ್ಲಿಂದ ಬಂದೀತು ಎಂಬುದು ಅವರ ಚಿಂತೆಯಾಗಿತ್ತು. ಆ ಚಿಂತೆ ಇಂದಿಗೂ ಹಳತಾಗಿಲ್ಲ.

ಈಗ ಗುಣದ ಮಾತಿಗೆ ಬರೋಣ. ಹರಿಹರ ನಮಗೆ ದೂರವಲ್ಲ. ಅಲ್ಲಿಯ ಹರಿಹರೇಶ್ವರನನ್ನು ನೀವೆಲ್ಲ ಕಂಡವರೇ. ಒಂದೇ ವಿಗ್ರಹ, ಒಂದು ಪಾರ್ಶ್ವ ಹರ, ಇನ್ನೊಂದು ಪಾರ್ಶ್ವ ಹರಿ. ಸೋಯಾ ಕಾಳೂ ಅಂಥದೇ ಎಂದರೆ ಅಪಚಾರವಾಗಲಾರದು. ನಮ್ಮಲ್ಲಿ ಬೇಳೆಕಾಳುಗಳ ಗುಂಪು ಬೇರೆ, ಎಣ್ಣೆಕಾಳುಗಳ ಗುಂಪು ಬೇರೆ. ತೊಗರಿಯಿಂದ ಎಣ್ಣೆ ಬಾರದು. ಸೋಯಾ ಮಾತ್ರ ಎರಡೂ ಹೌದು. ನೂರು ಗ್ರಾಂ ಒಣ ಕಾಳಿನಲ್ಲಿ ಸುಮಾರು 36ರಿಂದ 40 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಉಂಟು. 18ರಿಂದ 20 ಗ್ರಾಂ ಎಣ್ಣೆ ಉಂಟು. ತೊಗರಿಬೇಳೆಯಲ್ಲಿ ಪ್ರೋಟೀನು ಸುಮಾರು 22 ಗ್ರಾಂ, ಅಕ್ಕಿಯಲ್ಲಿ ಸುಮಾರು 7 ಗ್ರಾಂ. ಸರ್ಕಾರದ ಲೆಕ್ಕದಲ್ಲಿ ಸೋಯಾ ಎಣ್ಣೆಕಾಳುಗಳ ಪಟ್ಟಿಯಲ್ಲಿದೆ. ಅಡಿಗೆಮನೆಯ ಲೆಕ್ಕದಲ್ಲಿ ಅದು ಬೇಳೆಗಳ ಪಂಕ್ತಿಯಲ್ಲಿ ಕುಳಿತುಕೊಳ್ಳಬಲ್ಲದು.

ಪ್ರೋಟೀನು ನಮಗೆ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿರುವಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ. ಅರವತ್ತು ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ ಎಂದಾಯಿತು. ಮೂವತ್ತು ಗ್ರಾಂ ಸೋಯಾ, ಎಂದರೆ ಒಂದು ಸಣ್ಣ ಹಿಡಿ ಕಾಳು, ಅದರಲ್ಲಿ ಐದನೆಯ ಒಂದು ಭಾಗವನ್ನು ಪೂರೈಸುತ್ತದೆ. ಮೂರು ಹೊತ್ತೂ ಅನ್ನ, ತೆಳು ಸಾರು, ಮಂಡಕ್ಕಿಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ವಿಶೇಷವನ್ನು ಗಮನಿಸಬೇಕು. ಪ್ರೋಟೀನು ಎಂಬುದು ಹಲವು ಘಟಕಗಳಿಂದಾದ ಮಾಲೆ. ಅಕ್ಕಿ, ಜೋಳ, ಗೋಧಿಗಳಲ್ಲಿ ಲೈಸಿನ್ ಎಂಬ ಘಟಕ ಕಡಿಮೆ. ಸೋಯಾದಲ್ಲಿ ಅದು ಹೇರಳ. ಸೋಯಾದಲ್ಲಿ ಮೆಥಿಯೊನಿನ್ ಎಂಬುದು ಕಡಿಮೆ. ಧಾನ್ಯಗಳು ಅದನ್ನು ತುಂಬಿಕೊಡುತ್ತವೆ. ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ನಮ್ಮ ಹಿರಿಯರು ಅನ್ನಕ್ಕೆ ಬೇಳೆಯನ್ನೂ ರೊಟ್ಟಿಗೆ ಕಾಳುಪಲ್ಯವನ್ನೂ ಜೊತೆಮಾಡಿದ್ದರ ಮರ್ಮವೂ ಇದೇ. ಆದುದರಿಂದ ಸೋಯಾವನ್ನು ಒಂಟಿಯಾಗಿ ಪೂಜಿಸಬೇಕಾಗಿಲ್ಲ. ಧಾನ್ಯದ ಪಕ್ಕದಲ್ಲಿ ಕೂರಿಸಿದರೆ ಸಾಕು.

ಇಷ್ಟು ಗುಣವಂತ ಕಾಳಿಗೆ ದೋಷವೇನು? ಬೇಯಿಸದ ಸೋಯಾದಲ್ಲಿ ಒಂದು ತಡೆಗಾರ ವಸ್ತು ಇದೆ. ನಮ್ಮ ಮೇದೋಜೀರಕಾಂಗದಿಂದ ಟ್ರಿಪ್ಸಿನ್ ಎಂಬ ಜೀರ್ಣರಸ ಹೊರಟು ಕರುಳಿನಲ್ಲಿ ಪ್ರೋಟೀನನ್ನು ಬಿಡಿಸುತ್ತದೆ. ಈ ತಡೆಗಾರ ವಸ್ತುವು ಆ ಟ್ರಿಪ್ಸಿನ್ನಿನ ಕೈಯನ್ನೇ ಕಟ್ಟಿಹಾಕುತ್ತದೆ. ಕೀಟಗಳು ತನ್ನನ್ನು ತಿಂದು ಅರಗಿಸಿಕೊಳ್ಳದಿರಲಿ ಎಂದು ಗಿಡ ಮಾಡಿಕೊಂಡ ಉಪಾಯ ಇದು. ಪರಿಣಾಮವೇನೆಂದರೆ, ಬೇಯಿಸದ ಸೋಯಾ ಹಿಟ್ಟನ್ನು ಬೆರೆಸಿದ ಗಂಜಿಯಲ್ಲಿ ಪ್ರೋಟೀನು ಲೆಕ್ಕಕ್ಕೆ ಉಂಟು, ಮೈಗೆ ಸೇರುವುದು ಕಡಿಮೆ. ಜೊತೆಗೆ ಹೊಟ್ಟೆನೋವು, ಭೇದಿಗಳೂ ಆಗಬಹುದು. ಪುಷ್ಟಿಗೆಂದು ಕೊಟ್ಟದ್ದು ಮಗುವನ್ನು ಸೊರಗಿಸೀತು. ನನ್ನ ಈ ಭಾಷಣದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ: ಸೋಯಾ ಕಾಳನ್ನು ಬೇಯಿಸದೆ ಗಿರಣಿಗೆ ಹಾಕಬೇಡಿ.

ಸಮಾಧಾನದ ಸಂಗತಿಯೆಂದರೆ, ಈ ದೋಷಕ್ಕೆ ಔಷಧ ನಮ್ಮ ಒಲೆಯಲ್ಲೇ ಇದೆ. ನೀರಿನ ಶಾಖದಲ್ಲಿ ಚೆನ್ನಾಗಿ ಬೆಂದರೆ ಆ ತಡೆಗಾರ ವಸ್ತು ಬಹುಮಟ್ಟಿಗೆ ನಾಶವಾಗುತ್ತದೆ. ಒಣದಾಗಿ ಹುರಿಯುವುದಕ್ಕಿಂತ ನೀರಿನಲ್ಲಿ ಬೇಯಿಸುವುದು ಹೆಚ್ಚು ಫಲಕಾರಿ. ಕ್ರಮ ಹೀಗೆ. ಕಾಳನ್ನು ಆರಿಸಿ ತೊಳೆದು, ರಾತ್ರಿಯೆಲ್ಲ ನೆನೆಹಾಕಬೇಕು. ಬೆಳಿಗ್ಗೆ ಆ ನೀರನ್ನು ಚೆಲ್ಲಿಬಿಡಬೇಕು. ವಾಯು ಬರಿಸುವ ಕೆಲವು ಸಕ್ಕರೆಗಳು ಸ್ವಲ್ಪ ಮಟ್ಟಿಗೆ ಆ ನೀರಿನೊಡನೆ ಹೋಗುತ್ತವೆ. ಕೈಯಿಂದ ಉಜ್ಜಿದರೆ ಸಿಪ್ಪೆಯೂ ಬಿಡುತ್ತದೆ. ಅನಂತರ ಹೊಸ ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸಬೇಕು. ಇದು ತೊಗರಿಬೇಳೆಯಂತೆ ಬೇಗ ಕರಗುವ ಜಾತಿಯಲ್ಲ. ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಕು. ಎರಡು ಬೆರಳುಗಳ ನಡುವೆ ಹಿಸುಕಿದರೆ ನುಣ್ಣಗಾಗಬೇಕು. ಅಷ್ಟಾದರೆ ಬೆಂದಿತೆಂದು ಅರ್ಥ. ನೊರೆ ಬಹಳ ಏಳುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಅರೆಬೆಂದ ಬೇಳೆ ಮಾತಿನಲ್ಲಿ ನಡೆದೀತು, ಸೋಯಾದಲ್ಲಿ ನಡೆಯದು.

ಹಿಟ್ಟಿಗೆ ಬೆರೆಸಬೇಕೆಂಬ ಗೃಹಿಣಿಯರು ನೆನೆದ ಕಾಳನ್ನು ಕುದಿಯುವ ನೀರಿಗೆ ಹಾಕಿ ಇಪ್ಪತ್ತೈದು ಮೂವತ್ತು ನಿಮಿಷ ಬೇಯಿಸಿ, ಬಸಿದು, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಬೇಕಾದರೆ ಸ್ವಲ್ಪ ಹುರಿದು, ಆಮೇಲೆ ಗಿರಣಿಗೆ ಕೊಡಲಿ. ಒಂಬತ್ತು ಪಾಲು ಗೋಧಿಗೆ ಒಂದು ಪಾಲು ಸೋಯಾ ಸಾಕು. ಎಣ್ಣೆಯ ಅಂಶವಿರುವುದರಿಂದ ಈ ಹಿಟ್ಟು ಬೇಗ ಕಮಟುತ್ತದೆ. ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಬೀಸಿಸಿಟ್ಟುಕೊಳ್ಳುವುದು ಜಾಣತನ. ಅವರೆಕಾಳಿನ ಸಾರಿಗೆ, ಅಲಸಂದೆಯ ಪಲ್ಯಕ್ಕೆ ನಾಲ್ಕರಲ್ಲಿ ಒಂದು ಪಾಲಿನಂತೆ ಬೆಂದ ಸೋಯಾವನ್ನು ಸೇರಿಸಿದರೆ ಮನೆಯವರ ನಾಲಗೆಗೆ ವ್ಯತ್ಯಾಸ ಹೆಚ್ಚಾಗಿ ತೋರದು. ದಾವಣಗೆರೆಯ ಬೆಣ್ಣೆದೋಸೆಯ ಹಿಟ್ಟಿಗೂ ಇದನ್ನು ಸೇರಿಸಿರಿ ಎಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಕಾಳಿಗೆ ಒಂದು ಬಗೆಯ ಹಸಿ ವಾಸನೆ ಉಂಟು. ನೆನೆದ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದರೆ ಅದು ಹೆಚ್ಚುತ್ತದೆ. ಕುದಿನೀರಿನಲ್ಲಿ ರುಬ್ಬಿದರೆ ತಗ್ಗುತ್ತದೆ. ಸೋಯಾ ಹಾಲನ್ನು ಮಾಡುವವರು ಹೀಗೆ ಬಿಸಿನೀರಿನಲ್ಲಿ ರುಬ್ಬಿ, ಸೋಸಿ, ಆ ಹಾಲನ್ನು ಮತ್ತೆ ಹದಿನೈದು ಇಪ್ಪತ್ತು ನಿಮಿಷ ಕುದಿಸಬೇಕು. ಒಂದು ಉಕ್ಕು ಬಂದೊಡನೆ ಇಳಿಸಿದರೆ ಸಾಲದು. ಅದಕ್ಕೆ ನಿಂಬೆಹುಳಿ ಹಿಂಡಿ ಒಡೆಸಿದರೆ ಬರುವ ಗಡ್ಡೆಯೇ ತೋಫು. ಅಂಗಡಿಯಲ್ಲಿ 'ಮೀಲ್ ಮೇಕರ್' ಎಂದು ಮಾರುವ ಹಗುರವಾದ ಉಂಡೆಗಳು ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಯಂತ್ರದಲ್ಲಿ ಶಾಖಕ್ಕೆ ಒಳಪಡಿಸಿ ಮಾಡಿದವು. ಒಣಗಿದಾಗ ಅವುಗಳಲ್ಲಿ ನೂರಕ್ಕೆ ಐವತ್ತು ಗ್ರಾಂ ಪ್ರೋಟೀನು ಇರುವುದು ನಿಜ. ಆದರೆ ನೀರಿನಲ್ಲಿ ನೆನೆದು ಉಬ್ಬಿದ ಮೇಲೆ ತೂಕ ಹೆಚ್ಚುವುದರಿಂದ ಒಂದು ಬಟ್ಟಲಿನ ಲೆಕ್ಕ ಅಷ್ಟಾಗದು. ಇನ್ನು ಗೋಬಿ ಮಂಚೂರಿಗೆ ಸುರಿಯುವ ಸೋಯಾ ಸಾಸನ್ನು ಪುಷ್ಟಿಯ ಲೆಕ್ಕಕ್ಕೆ ತೆಗೆದುಕೊಳ್ಳಲೇಬಾರದು. ಅದರಲ್ಲಿ ಹೆಚ್ಚಾಗಿರುವುದು ಉಪ್ಪು. ಸೋಯಾ ಎಣ್ಣೆಯೂ ಅಷ್ಟೆ. ಅದು ಎಣ್ಣೆ ಮಾತ್ರ, ಅದರಲ್ಲಿ ಪ್ರೋಟೀನು ಇಲ್ಲ.

ಚೆನ್ನಾಗಿ ಬೇಯಿಸಿದ ಮೇಲೂ ಕೆಲವರು ಎಚ್ಚರದಿಂದಿರಬೇಕು. ಮೊದಲನೆಯದು ಎಳೆಯ ಕೂಸುಗಳು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೇ ಸಾಕು, ಬೇರೊಂದು ಬೇಡ. ವರ್ಷದೊಳಗಿನ ಮಗುವಿಗೆ ಮನೆಯಲ್ಲಿ ಮಾಡಿದ ಸೋಯಾ ಹಾಲನ್ನು ತಾಯಿಹಾಲಿನ ಬದಲಾಗಿ ಕೊಡುವುದು ಅಪಾಯ. ಬಣ್ಣ ಬಿಳುಪಾದ ಮಾತ್ರಕ್ಕೆ ಎಲ್ಲವೂ ಹಾಲಾಗದು; ಹಸುವಿನ ಹಾಲಿನಲ್ಲಿರುವಷ್ಟು ಸುಣ್ಣದ ಅಂಶವೂ ಬಿ12 ಜೀವಸತ್ವವೂ ಅದರಲ್ಲಿಲ್ಲ. ಎರಡನೆಯದು, ಸೋಯಾ ಒಗ್ಗದವರು. ಕಡಲೆಕಾಯಿಯಂತೆ ಇದೂ ಕೆಲವರಿಗೆ ಅಲರ್ಜಿ ಉಂಟುಮಾಡುವ ಪದಾರ್ಥ. ಮೊದಲ ಸಲ ಸ್ವಲ್ಪವೇ ಕೊಟ್ಟು ನೋಡಿ; ಮೈಯಲ್ಲಿ ದದ್ದು, ತುಟಿಯ ಊತ, ಉಬ್ಬಸ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮೂರನೆಯದು, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು. ಉಪ್ಪಿನಲ್ಲಿ ಅಯೋಡಿನ್ ಸಾಕಷ್ಟಿರುವ ಆರೋಗ್ಯವಂತರಿಗೆ ಸೋಯಾದಿಂದ ಥೈರಾಯ್ಡ್ ಕೆಡುವುದಿಲ್ಲ. ಆದರೆ ಮಾತ್ರೆಯು ಮೈಗೆ ಹಿಡಿಯುವುದನ್ನು ಸೋಯಾ ತಡೆಯಬಲ್ಲದು. ಬೆಳಿಗ್ಗೆ ಮಾತ್ರೆ ನುಂಗಿದವರು ನಾಲ್ಕು ಗಂಟೆಯ ಅಂತರ ಬಿಟ್ಟು ಸೋಯಾ ತಿನ್ನಲಿ, ವೈದ್ಯರಿಗೆ ಆ ವಿಷಯವನ್ನು ತಿಳಿಸಲಿ. ಮೂತ್ರಪಿಂಡದ ತೊಂದರೆಯಿಂದಾಗಿ ಪ್ರೋಟೀನನ್ನು ಮಿತಗೊಳಿಸಿ ಎಂದು ವೈದ್ಯರು ಹೇಳಿರುವವರೂ ಅವರನ್ನು ಕೇಳದೆ ಇದನ್ನು ಆರಂಭಿಸಬಾರದು.

ಗಂಡಸರಿಗೆ ಆಗದೆಂಬ ಮಾತಿಗೆ ಮೂಲ, ಸೋಯಾದಲ್ಲಿರುವ ಐಸೋಫ್ಲೇವೋನ್ ಎಂಬ ವಸ್ತುಗಳು. ಹೆಂಗಸರ ದೇಹದ ಒಂದು ಹಾರ್ಮೋನಿಗೆ ಅವು ರೂಪದಲ್ಲಿ ಸ್ವಲ್ಪ ಹೋಲುತ್ತವೆ. ಹೋಲಿಕೆ ಬೇರೆ, ಕೆಲಸ ಬೇರೆ. ಊಟದ ಪ್ರಮಾಣದ ಸೋಯಾದಿಂದ ಗಂಡಸರ ಹಾರ್ಮೋನು ಇಳಿಯುವುದಿಲ್ಲವೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ತಜ್ಞರು ಕಂಡಿದ್ದಾರೆ. ಅತ್ತ ಹೊಗಳಿಕೆಯೂ ಮಿತಿ ಮೀರಿತ್ತು. 1999ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು, ದಿನಕ್ಕೆ 25 ಗ್ರಾಂ ಸೋಯಾ ಪ್ರೋಟೀನು ಹೃದಯಕ್ಕೆ ಹಿತವೆಂದು ಪೊಟ್ಟಣಗಳ ಮೇಲೆ ಅಚ್ಚುಹಾಕಲು ಒಪ್ಪಿಗೆ ಕೊಟ್ಟಿತು. 2017ರಲ್ಲಿ ಅದೇ ಇಲಾಖೆ, ಆಧಾರ ಅಷ್ಟು ಗಟ್ಟಿಯಾಗಿಲ್ಲವೆಂದು ಆ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಪ್ರಸ್ತಾಪವನ್ನು ಮುಂದಿಟ್ಟಿತು. ಕೆಟ್ಟ ಕೊಲೆಸ್ಟರಾಲು ಶೇಕಡಾ ಮೂರು ನಾಲ್ಕರಷ್ಟು ಇಳಿಯಬಹುದು, ಹೆಚ್ಚೇನೂ ಅಲ್ಲ. ಸೋಯಾ ಆಹಾರವೇ ಹೊರತು ಸಂಜೀವಿನಿಯಲ್ಲ.

ಈ ಕಾಳು ಎಲ್ಲಿಂದ ಬರುತ್ತದೆ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ನಮ್ಮ ಸುತ್ತಿನ ಭೂಮಿ ಭದ್ರಾ ನಾಲೆಯ ನೀರು ಕಂಡ ಗದ್ದೆ. ಭತ್ತಕ್ಕೆ ಹೇಳಿದ್ದು, ಸೋಯಾಕ್ಕಲ್ಲ. ಬುಡದಲ್ಲಿ ನೀರು ನಿಂತರೆ ಸೋಯಾ ಸಹಿಸದು. ಮುಂಗಾರಿನಲ್ಲಿ ಬಿತ್ತಿ, ಮೂರು ತಿಂಗಳ ಸುಮಾರಿಗೆ ಕೊಯ್ಯುವ ಈ ಬೆಳೆಗೆ ನಮ್ಮ ರಾಜ್ಯದಲ್ಲಿ ತವರು ಬೀದರ್, ಬೆಳಗಾವಿ, ಧಾರವಾಡದ ಕಡೆಯ ಕಪ್ಪುನೆಲ. ಬೇರಿನಲ್ಲಿ ಗಂಟುಗಳಾಗಿ, ಅಲ್ಲಿ ನೆಲೆಸುವ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಬಿತ್ತುವ ಮುನ್ನ ಬೀಜಕ್ಕೆ ರೈಜೋಬಿಯಂ ಲೇಪಿಸುವುದು ಅದಕ್ಕಾಗಿಯೇ. ಗಂಟನ್ನು ಸೀಳಿದಾಗ ಒಳಗೆ ಕೆಂಪು ಛಾಯೆ ಕಂಡರೆ ಅಣುಜೀವಿಗಳು ಕೆಲಸದಲ್ಲಿವೆ ಎಂದು ಅರ್ಥ.

ಆದರೆ ಆ ರೈತರ ಪಾಲಿಗೂ ಇದು ಬರಿಯ ಲಾಭದ ಬೆಳೆಯಲ್ಲ. 1994ರಲ್ಲಿ ಹೊರಬಂದ, ಜಬಲ್ಪುರದ ಜೆಎಸ್ 335 ಎಂಬ ಒಂದೇ ತಳಿ ಬಹುಕಾಲ ಹೊಲಗಳನ್ನೆಲ್ಲ ಆಳಿತು. ಕೃಷ್ಣಾ ತೀರದಲ್ಲಿ, ಉಗಾರ ಖುರ್ದದ ಸುತ್ತಮುತ್ತ, ಎಲೆಗೆ ತುಕ್ಕುರೋಗ ಬಿದ್ದಾಗ ಎಲ್ಲರ ಹೊಲವೂ ಒಟ್ಟಿಗೇ ಹಾಳಾಗುವ ಭಯ ಬಂತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ತುಕ್ಕನ್ನು ತಡೆಯುವ ಡಿಎಸ್‌ಬಿ 21 ತಳಿಯನ್ನು ಸಿದ್ಧಪಡಿಸಿದ್ದು ಆ ಕಷ್ಟಕ್ಕೆ ಉತ್ತರವಾಗಿ. ರೋಗ ಹೋದರೆ ಬೆಲೆಯ ಕಾಟ. 2024–25ರ ಸಾಲಿಗೆ ಕೇಂದ್ರ ಸರ್ಕಾರ ನಿಗದಿಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,892 ರೂಪಾಯಿ. 2024ರಲ್ಲಿ ಪೇಟೆಯ ದರ ಅದಕ್ಕಿಂತ ಕೆಳಗಿಳಿದು, ಕರ್ನಾಟಕದಲ್ಲಿಯೂ ಬೆಂಬಲ ಬೆಲೆಗೆ ಖರೀದಿಸಲು ಅನುಮತಿ ಕೊಡಬೇಕಾಯಿತು. ಹೆಸರು, ಉದ್ದುಗಳನ್ನು ಬಿಟ್ಟು ಇದನ್ನೊಂದನ್ನೇ ನಂಬಿದ ಮನೆಗೆ ಇಂಥ ವರ್ಷ ಎರಡು ಬಂದರೆ ಸಾಕು. ತಟ್ಟೆಗೆ ಹೇಳಿದ ಮಾತು ಹೊಲಕ್ಕೂ ಸಲ್ಲುತ್ತದೆ: ಸೋಯಾ ಜೊತೆಗಾರನಾಗಿ ಇರಲಿ, ಒಡೆಯನಾಗುವುದು ಬೇಡ.

ಅದು ನಮ್ಮ ತಾಲ್ಲೂಕಿನಲ್ಲಿ ಬೆಳೆಯದಿದ್ದರೂ ನಮಗೆ ಸಂಬಂಧವಿಲ್ಲವೆನ್ನುವಂತಿಲ್ಲ. ನೂರು ಕಿಲೋ ಕಾಳನ್ನು ಗಾಣಕ್ಕೆ ಹಾಕಿದರೆ ಸುಮಾರು ಹದಿನೆಂಟು ಕಿಲೋ ಎಣ್ಣೆ. ಉಳಿದ ಎಂಬತ್ತರಷ್ಟು ಹಿಂಡಿ. ಆ ಹಿಂಡಿಯಲ್ಲಿ ಬಹುಪಾಲು ದಾವಣಗೆರೆ ಜಿಲ್ಲೆ ಧಾರಾಳವಾಗಿ ಬೆಳೆಯುವ ಮೆಕ್ಕೆಜೋಳದಂಥ ಧಾನ್ಯದೊಡನೆ ಸೇರಿ ಕೋಳಿಗಳ ಮೇವಾಗುತ್ತದೆ. 2021ರಲ್ಲಿ ಹಿಂಡಿಯ ಬೆಲೆ ವಿಪರೀತ ಏರಿದಾಗ, ನಮ್ಮ ದೇಶದಲ್ಲಿ ಬೆಳೆಯಲು ಅನುಮತಿಯಿಲ್ಲದ ಕುಲಾಂತರಿ ಸೋಯಾದ ಹಿಂಡಿಯನ್ನು 12 ಲಕ್ಷ ಟನ್ನುಗಳಷ್ಟು ಹೊರಗಿನಿಂದ ತರಿಸಲು ಕೇಂದ್ರ ಸರ್ಕಾರ ಒಪ್ಪಬೇಕಾಯಿತು. ಸೋಯಾವನ್ನು ಕಣ್ಣಿಂದ ನೋಡದವರೂ ಮೊಟ್ಟೆಯ ರೂಪದಲ್ಲಿ, ಒಗ್ಗರಣೆಯ ಎಣ್ಣೆಯ ರೂಪದಲ್ಲಿ ಅದನ್ನು ಉಣ್ಣುತ್ತಲೇ ಇದ್ದಾರೆ. ಕೋಳಿಯ ಮೇವಿಗೆ ಹಾಕುವ ಮೊದಲು ಹಿಂಡಿಯನ್ನು ಶಾಖದಲ್ಲಿ ಹದಮಾಡುತ್ತಾರೆ. ಕೋಳಿಗೆ ಸಲ್ಲುವ ಈ ಎಚ್ಚರ ನಮ್ಮ ಮಕ್ಕಳಿಗೆ ಸಲ್ಲಬೇಡವೆ?

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ 'ಬಲ್ಲವನಿಗೆ' ಎಂಬ ಮಾತಿಗೇ ತೂಕ. ಸೋಯಾ ಅವರೆಯನ್ನು ಬಲ್ಲವರಾಗಲು ಬಹಳ ಓದಬೇಕಾಗಿಲ್ಲ. ಚೆನ್ನಾಗಿ ಬೇಯಿಸುವುದು, ಧಾನ್ಯದೊಡನೆ ಮಿತವಾಗಿ ಬೆರೆಸುವುದು, ಮೈಯಲ್ಲಿ ಕಾಯಿಲೆಯಿದ್ದರೆ ವೈದ್ಯರನ್ನು ಕೇಳುವುದು, ಈ ಮೂರು ತಿಳಿದರೆ ಸಾಕು. ವಾರಕ್ಕೆ ಎರಡು ಮೂರು ಸಲ, ತಲೆಗೊಂದು ಸಣ್ಣ ಹಿಡಿ. ಹುರುಳಿ, ಹೆಸರು, ಅವರೆಗಳು ತಮ್ಮ ಜಾಗದಲ್ಲಿ ಇರಲಿ. ಅವುಗಳ ಪಂಕ್ತಿಯಲ್ಲಿ ಈ ಹೊಸಬನಿಗೂ ಒಂದು ಎಲೆ ಹಾಕಿ.